ಮಾಡಿದ್ದಕ್ಕೆ ಇಪ್ಪತ್ತು, ಬರೆದದ್ದಕ್ಕೆ ಎಂಬತ್ತು

ಪ್ರತಿ ವರ್ಷ ಜೂನ್ 1ರಂದು ಇಂಗ್ಲೆಂಡಿನ ಪರೀಕ್ಷಾ ಮಂಡಳಿಗಳು ಹದಿನಾಲ್ಕು, ಹದಿನೈದರ ಮಕ್ಕಳ ಮುಂದೆ ಒಂದೊಂದು ಸಾಲಿನ ಕೆಲವು ಸವಾಲುಗಳನ್ನು ಇಡುತ್ತವೆ. ವಯಸ್ಸಾದವರ ಅಗತ್ಯಗಳು, ಇಕ್ಕಟ್ಟಿನ ಮನೆಯ ಬದುಕು, ಇಂಥ ಧಾಟಿಯವು. ಅಷ್ಟೇ. ಏನು ಮಾಡಬೇಕು, ಎಷ್ಟು ದೊಡ್ಡದು, ಯಾವ ಮರ, ಯಾವ ಪ್ಲಾಸ್ಟಿಕ್, ಯಾರಿಗಾಗಿ ಎಂಬುದೊಂದೂ ಅಲ್ಲಿರುವುದಿಲ್ಲ. ಸಮಸ್ಯೆಯನ್ನು ಹುಡುಕುವುದರಿಂದಲೇ ಪರೀಕ್ಷೆ ಶುರು. ಮುಂದಿನ ವಸಂತದ ಹೊತ್ತಿಗೆ ಹುಡುಗನೋ ಹುಡುಗಿಯೋ ಒಂದು ವಸ್ತುವಿನ ಮಾದರಿಯನ್ನೂ, ಅದು ಹೀಗೇ ಯಾಕೆ ಆಯಿತು ಎಂದು ಹೇಳುವ ಸುಮಾರು ಇಪ್ಪತ್ತು ಪುಟಗಳ ಕಡತವನ್ನೂ ಮೇಷ್ಟ್ರ ಮುಂದಿಡಬೇಕು. ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಹಂತದ ‘ಡಿಸೈನ್ ಅಂಡ್ ಟೆಕ್ನಾಲಜಿ’ ಎಂದರೆ ಇದು. ಮಕ್ಕಳ ಬಾಯಲ್ಲಿ ಡಿ.ಟಿ.

ಮಕ್ಕಳನ್ನು ಓದಿಸಲು ಗಣಿತ ಟ್ಯೂಷನ್ನಿಗೆ ಅಲೆಯುವ ನಮ್ಮವರಿಗೆ ಇದು ಅರ್ಧ ಮರಗೆಲಸ, ಅರ್ಧ ಚಿತ್ರಕಲೆಯಂತೆ ಕಾಣುತ್ತದೆ. ಅದು ತಪ್ಪು ತಿಳಿವಳಿಕೆ. ಆದರೆ ಆ ತಿಳಿವಳಿಕೆ ಇಂಗ್ಲಿಷರಲ್ಲೂ ಇದೆ. ಅದರಿಂದಲೇ ಈ ವಿಷಯ ಅಲ್ಲಿ ಸೊರಗಿದೆ. ಸೊರಗಲು ಇನ್ನೊಂದು ಕಾರಣವೂ ಇದೆ, ಅದು ವಿಷಯದ ಹೊಟ್ಟೆಯೊಳಗೇ ಹುಟ್ಟಿದ್ದು. ಅಲ್ಲಿಗೆ ಬರುವ ಮೊದಲು ಈ ಮಕ್ಕಳು ನಿಜಕ್ಕೂ ಏನು ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರೆಡಿಂಗ್‌ನಲ್ಲಿರುವ ಕನ್ನಡದ ಮನೆಯ ಹುಡುಗಿ ‘ವಯಸ್ಸಾದವರ ಅಗತ್ಯ’ ಎಂಬ ಸವಾಲನ್ನು ಆರಿಸಿಕೊಂಡಿದ್ದಾಳೆ. ಮೈಸೂರಿನಿಂದ ಅಜ್ಜಿ ಆರು ತಿಂಗಳ ವೀಸಾದಲ್ಲಿ ಬಂದಿದ್ದಾರೆ. ಹುಡುಗಿಯ ತಲೆಗೆ ಮೊದಲು ಬರುವುದು ಯಾವುದೋ ಸೆನ್ಸರ್, ಮೊಬೈಲಿಗೆ ಸಂದೇಶ ಕಳಿಸುವ ಮಾತ್ರೆ ಡಬ್ಬಿ. ಮೇಷ್ಟ್ರು ಕೇಳುವ ಪ್ರಶ್ನೆ ಒಂದೇ: ‘ಅಜ್ಜಿಗೆ ಮಾತ್ರೆ ಮರೆಯುತ್ತದೆ ಅಂತ ನಿನಗೆ ಯಾರು ಹೇಳಿದರು?’ ಯಾರೂ ಹೇಳಿಲ್ಲ. ಒಂದು ವಾರ ಅಜ್ಜಿಯನ್ನು ಸುಮ್ಮನೆ ಗಮನಿಸಿ ಬರೆದುಕೋ ಎಂದು ಕಳಿಸುತ್ತಾರೆ. ಬರೆದದ್ದನ್ನು ನೋಡಿದರೆ ಅಜ್ಜಿ ಮಾತ್ರೆಗಳಲ್ಲಿ ಗಡಿಯಾರದಷ್ಟು ನಿಯತ್ತು. ಅವರು ಸೋಲುವುದು ಮುಂಬಾಗಿಲಲ್ಲಿ. ಜೀವಮಾನವೆಲ್ಲ ಚಪ್ಪಲಿ ಮೆಟ್ಟಿದವರಿಗೆ ಇಲ್ಲಿ ಕಾಲುಚೀಲ, ಬೂಟು. ಮಂಡಿ ನೋವಿನಿಂದ ಬಗ್ಗಲಾಗದು. ಕಿರಿದಾದ ಪ್ಯಾಸೇಜಿನಲ್ಲಿ ಕುರ್ಚಿ ಇಡಲು ಜಾಗವಿಲ್ಲ. ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಮೊಮ್ಮಗಳ ಭುಜ. ಬೂಟು ಹಾಕಿಕೊಳ್ಳುವ ರಗಳೆಗೇ ಅವರು ಸಂಜೆಯ ವಾಕಿಂಗ್ ಬಿಟ್ಟಿದ್ದಾರೆ, ಮನೆಯಲ್ಲಿ ಯಾರೂ ಅದನ್ನು ಗಮನಿಸಿಲ್ಲ.

ಹಾಗಾದರೆ ಬಾಗಿಲ ಬಳಿ ಕೂರಲು ಒಂದು ಪುಟ್ಟ ಸ್ಟೂಲ್. ಸುಲಭ ಅನ್ನಿಸುತ್ತದೆ. ಎತ್ತರ ಎಷ್ಟು? ಪಠ್ಯದಲ್ಲಿ ಮನುಷ್ಯದೇಹದ ಅಳತೆಗಳ ಕೋಷ್ಟಕಗಳಿವೆ. ನೂರು ಜನರನ್ನು ಗಿಡ್ಡದಿಂದ ಎತ್ತರಕ್ಕೆ ಸಾಲಾಗಿ ನಿಲ್ಲಿಸಿದರೆ ಐದನೆಯವರಿಂದ ತೊಂಬತ್ತೈದನೆಯವರವರೆಗೆ ಹೊಂದುವಂತೆ ವಸ್ತುವಿರಬೇಕು ಎಂಬುದು ರೂಢಿಯ ಸೂತ್ರ. ಬ್ರಿಟಿಷ್ ಹೆಂಗಸರಲ್ಲಿ ಆ ಐದನೆಯವರ ಎತ್ತರವೇ ಸುಮಾರು 150 ಸೆಂಟಿಮೀಟರ್. ನಮ್ಮ ಅಜ್ಜಿ 145. ಕೋಷ್ಟಕದ ಪ್ರಕಾರ ಅವರು ಸಾಲಿನಿಂದ ಆಚೆ ನಿಂತವರು. ಮಾಮೂಲಿ ಕುರ್ಚಿಯ 45 ಸೆಂ.ಮೀ. ಎತ್ತರದಲ್ಲಿ ಕೂರಿಸಿದರೆ, ‘ಕಾಲು ಊರ್ತಾನೇ ಇಲ್ವಲ್ಲೇ ಪುಟ್ಟಿ’ ಅನ್ನುತ್ತಾರೆ. 36ಕ್ಕೆ ಇಳಿಸಿದರೆ ಕಾಲು ಊರುತ್ತದೆ, ಆದರೆ ಏಳಲು ಆಗುವುದಿಲ್ಲ. ಆಸನ ತಗ್ಗಿದಷ್ಟೂ ಮಂಡಿಗೆ ಭಾರ ಹೆಚ್ಚು. ಕಾಲು ಕೇಳುವ ಎತ್ತರ ಬೇರೆ, ಮಂಡಿ ಕೇಳುವ ಎತ್ತರ ಬೇರೆ. ಇದಕ್ಕೆ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರವಿಲ್ಲ. ಹುಡುಗಿ ಗಟ್ಟಿ ರಟ್ಟಿನ ಪೆಟ್ಟಿಗೆಯೊಂದರ ಕೆಳಗೆ ಪುಸ್ತಕಗಳನ್ನು ಒಂದೊಂದಾಗಿ ಸೇರಿಸುತ್ತಾ, ಪ್ರತಿ ಎತ್ತರದಲ್ಲೂ ಅಜ್ಜಿಯನ್ನು ಕೂರಿಸಿ ಎಬ್ಬಿಸಿ, 40ರ ಆಸುಪಾಸಿನಲ್ಲಿ ಒಂದು ರಾಜಿಗೆ ಬರುತ್ತಾಳೆ. ಉಳಿದ ಕೊರತೆಯನ್ನು ಕೈ ತುಂಬಲಿ ಎಂದು ಬಲಗಡೆ ಒಂದು ಹಿಡಿ.

ಹಿಡಿಯಿಂದ ಹೊಸ ಫಜೀತಿ. ಅದು ಸ್ಟೂಲಿನ ಕಾಲಿಗಿಂತ ಒಂದಿಷ್ಟು ಹೊರಗೆ ಚಾಚಿಕೊಂಡಿದೆ. ಅಜ್ಜಿ ಏಳುವಾಗ ದೇಹದ ಭಾರವೆಲ್ಲ ಹಿಡಿಯ ಮೇಲೆ ಬೀಳುತ್ತದೆ, ಆಸನದ ಮೇಲೆ ಭಾರವಿರುವುದಿಲ್ಲ. ಇಡೀ ಸ್ಟೂಲು ಬಲಕ್ಕೆ ಮಗುಚುತ್ತದೆ. ಅದೃಷ್ಟಕ್ಕೆ ಮೊದಲು ಒತ್ತಿ ನೋಡಿದ್ದು ಅಜ್ಜಿಯಲ್ಲ, ಹುಡುಗಿಯೇ. ಭೌತಶಾಸ್ತ್ರದ ತರಗತಿಯಲ್ಲಿ ಲೆಕ್ಕವಾಗಿ ಬಿಡಿಸಿದ್ದ ತಿರುಗುಬಲ ಈಗ ಅಜ್ಜಿಯ ಸೊಂಟದ ಪ್ರಶ್ನೆಯಾಗಿ ಎದುರು ನಿಂತಿದೆ. ಕಾಲುಗಳನ್ನು ಓರೆಯಾಗಿ ಹೊರಕ್ಕೆ ಹರಡಿದರೆ ಸ್ಟೂಲು ಮಗುಚದು, ಆದರೆ ಕಿರಿದಾದ ಪ್ಯಾಸೇಜಿನಲ್ಲಿ ಓಡಾಡುವವರೆಲ್ಲ ಎಡವುತ್ತಾರೆ. ಹಿಡಿಯನ್ನು ಒಳಕ್ಕೆ ತಂದರೆ ಕೂರುವ ಜಾಗ ಕಿರಿದಾಗುತ್ತದೆ. ಯಾವುದನ್ನು ಬಿಟ್ಟುಕೊಟ್ಟೆ, ಯಾಕೆ ಬಿಟ್ಟುಕೊಟ್ಟೆ ಎಂದು ಹೇಳಬಲ್ಲಳಾದರೆ ಅವಳು ಡಿ.ಟಿ. ಕಲಿತಳು. ಪ್ಲೈವುಡ್ ಕೊಯ್ಯುವುದು, ಅಂಟು ಒಣಗುವವರೆಗೆ ಕ್ಲ್ಯಾಂಪ್ ಬಿಗಿದು ಕಾಯುವುದು, ಉಪ್ಪುಕಾಗದ ಹಾಕಿ ಅಂಚು ನಯ ಮಾಡುವುದು ಇದ್ದೇ ಇವೆ, ಅವೂ ಕಲಿಯಬೇಕಾದ ಕೆಲಸಗಳೇ. ಆದರೆ ನಮ್ಮ ಊರಿನ ಬಡಗಿಗೆ ಹೇಳಿ ಮಾಡಿಸಿದರೆ ಆ ಸ್ಟೂಲು ಇದಕ್ಕಿಂತ ಅಂದವಾಗಿ ಬಂದೀತು.

ಇನ್ನು ಅಂಕಗಳಿಗೆ ಬರೋಣ. ಒಟ್ಟು ವಿಷಯದ ಅರ್ಧ ಎರಡು ಗಂಟೆಯ ಲಿಖಿತ ಪರೀಕ್ಷೆ. ಅದರಲ್ಲಿ ಮರ, ಲೋಹ, ಬಟ್ಟೆ, ಪಾಲಿಮರ್, ಇಲೆಕ್ಟ್ರಾನಿಕ್ ಬಿಡಿಭಾಗ, ಪರಿಸರ ಎಲ್ಲವೂ ಬರುತ್ತವೆ, ನೂರಕ್ಕೆ ಹದಿನೈದರಷ್ಟು ಗಣಿತವೂ ಇರಬೇಕು. ಇನ್ನರ್ಧ ಈ ಪ್ರಾಜೆಕ್ಟ್. ಎಕ್ಯೂಎ ಎಂಬ ದೊಡ್ಡ ಪರೀಕ್ಷಾ ಮಂಡಳಿಯ ಹಂಚಿಕೆ ಹೀಗಿದೆ: ಪ್ರಾಜೆಕ್ಟಿನ ನೂರು ಅಂಕಗಳಲ್ಲಿ ಸಮಸ್ಯೆ ಹುಡುಕಿದ್ದಕ್ಕೆ 10, ಅದನ್ನು ಖಚಿತವಾಗಿ ಬರೆದದ್ದಕ್ಕೆ 10, ಯೋಚನೆಗಳಿಗೆ 20, ಅವುಗಳನ್ನು ಬೆಳೆಸಿದ್ದಕ್ಕೆ 20, ಒರೆಗೆ ಹಚ್ಚಿ ವಿಮರ್ಶಿಸಿದ್ದಕ್ಕೆ 20. ವಸ್ತುವನ್ನು ಮಾಡಿದ್ದಕ್ಕೆ 20.

ಇದನ್ನು ಕೇಳಿದ ಕೂಡಲೇ ‘ನೋಡಿದಿರಾ, ಕೈಕೆಲಸಕ್ಕೆ ಬೆಲೆಯೇ ಇಲ್ಲ’ ಎಂದು ಸಿಟ್ಟಾಗುವುದು ಸುಲಭ. ನನಗೆ ಹಂಚಿಕೆಯ ತರ್ಕ ಸರಿಯೆಂದೇ ತೋರುತ್ತದೆ. ಕಷ್ಟಪಟ್ಟು ಕಲಿತದ್ದು ಪೆಟ್ಟಿಗೆ, ಪುಸ್ತಕ, ಮಗುಚಿದ ಸ್ಟೂಲಿನ ಹಂತದಲ್ಲಿ ತಾನೇ? ತೊಡಕಿರುವುದು ಬೇರೆ ಕಡೆ. ಆ ಎಂಬತ್ತು ಅಂಕಗಳನ್ನು ಮೇಷ್ಟ್ರೇ ಕೊಟ್ಟರೂ ಅವನ್ನು ಪರಿಶೀಲಿಸುವ ಮಂಡಳಿಯವರ ಕಣ್ಣಿಗೆ ಬೀಳುವುದು ಕಾಗದ ಮಾತ್ರ. ಯೋಚನೆಗೆ ಇಟ್ಟ ಅಂಕ ಯೋಚನೆಯ ದಾಖಲೆಗೆ ಹೋಗುತ್ತದೆ, ದಾಖಲೆ ಚಂದವಾಗಿದ್ದರೆ ಯೋಚನೆಯೂ ಚಂದವಿತ್ತು ಎಂದು ನಂಬಲಾಗುತ್ತದೆ. ಮೊದಲ ದಿನವೇ ಏನು ಮಾಡಬೇಕೆಂದು ನಿರ್ಧರಿಸಿ, ಮಾಡಿ ಮುಗಿಸಿ, ಆಮೇಲೆ ಕೂತು ‘ನನ್ನ ಆರಂಭದ ನಾಲ್ಕು ಯೋಚನೆಗಳು’ ಎಂದು ಮೂರು ಸುಳ್ಳು ಚಿತ್ರ ಬರೆಯುವ ಚಾಳಿ ಅಲ್ಲಿನ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಗುಟ್ಟು. ನಮ್ಮಲ್ಲಿ ಲ್ಯಾಬ್ ರೆಕಾರ್ಡಿನಲ್ಲಿ ಉತ್ತರದಿಂದ ಹಿಂದಕ್ಕೆ ರೀಡಿಂಗ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥದೊಂದು ವಿಷಯವನ್ನು ಶಾಲೆಗೆ ತರಬೇಕೆಂಬ ಯೋಚನೆ ಎಲ್ಲಿಂದ ಬಂತು? ಹಳೆಯ ಇಂಗ್ಲಿಷ್ ಶಾಲೆಗಳಲ್ಲಿ ಹುಡುಗರಿಗೆ ಮರಗೆಲಸ, ಲೋಹಗೆಲಸ, ತಾಂತ್ರಿಕ ಚಿತ್ರ. ಹುಡುಗಿಯರಿಗೆ ಹೊಲಿಗೆ, ಅಡುಗೆ. ಮೇಷ್ಟ್ರು ಒಂದು ಮಾದರಿ ಇಡುತ್ತಿದ್ದರು, ಇಡೀ ತರಗತಿ ಅದರ ನಕಲು ಮಾಡುತ್ತಿತ್ತು. 1975ರ ಲಿಂಗ ತಾರತಮ್ಯ ವಿರೋಧಿ ಕಾಯ್ದೆ ಹುಡುಗ–ಹುಡುಗಿಯರ ಆ ಗೋಡೆಯನ್ನು ಕಾನೂನಿನಲ್ಲಿ ಕೆಡವಿತು. ಅದೇ ದಶಕದಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಬ್ರೂಸ್ ಆರ್ಚರ್ ಒಂದು ದೊಡ್ಡ ವಾದ ಹೂಡಿದರು. ಶಿಕ್ಷಣಕ್ಕೆ ವಿಜ್ಞಾನ, ಮಾನವಿಕ ಎಂಬ ಎರಡೇ ಕಂಬಗಳಲ್ಲ, ಮೂರನೆಯದೊಂದಿದೆ, ಅದು ವಿನ್ಯಾಸ ಎಂದರು. ಇರುವುದನ್ನು ಅರಿಯುವುದು ಒಂದು ಬಗೆ, ಇನ್ನೂ ಇಲ್ಲದ್ದನ್ನು ಕಲ್ಪಿಸಿ ಆಗಿಸುವುದು ಇನ್ನೊಂದು ಬಗೆ. ಮಾತು ಮತ್ತು ಸಂಖ್ಯೆಗಳಿಗೆ ಇರುವಂತೆ ಇದಕ್ಕೂ ತನ್ನದೇ ಭಾಷೆಯಿದೆ, ಅದು ಚಿತ್ರ ಮತ್ತು ಮಾದರಿಗಳದು. ಆರ್ಚರ್ ಮೂಲತಃ ಎಂಜಿನಿಯರಿಂಗಿನಿಂದ ಬಂದವರು ಎಂಬುದನ್ನು ಇಲ್ಲಿ ನೆನೆಯಬೇಕು, ಕಲೆಯ ಮಂದಿ ತಮ್ಮ ಅಂಗಡಿಗೆ ಮಾಡಿದ ಪ್ರಚಾರವಲ್ಲ ಅದು.

1988ರ ಶಿಕ್ಷಣ ಸುಧಾರಣಾ ಕಾಯ್ದೆಯಿಂದ ರಾಷ್ಟ್ರೀಯ ಪಠ್ಯಕ್ರಮ ಬಂದಾಗ ಲೇಡಿ ಮಾರ್ಗರೆಟ್ ಪಾರ್ಕ್ಸ್ ನೇತೃತ್ವದ ಸಮಿತಿ ಈ ವಿಷಯಕ್ಕೆ ರೂಪ ಕೊಟ್ಟಿತು. 1990ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದರಿಂದ ಹದಿನಾರರವರೆಗೆ ಎಲ್ಲ ಮಕ್ಕಳಿಗೂ ಇದು ಕಡ್ಡಾಯವಾಗುತ್ತ ಬಂತು. ಹೀಗೆ ಮಾಡಿದ ಮೊದಲ ದೇಶ ತಮ್ಮದು ಎಂದು ಅವರು ಹೇಳಿಕೊಳ್ಳುವುದುಂಟು. ಆಪಲ್ ಕಂಪನಿಯ ಐಫೋನಿಗೆ ರೂಪ ಕೊಟ್ಟ ಜೋನಿ ಐವ್ ಅವರ ತಂದೆ ಮೈಕ್ ಐವ್ ಬೆಳ್ಳಿಗೆಲಸದವರು, ವಿನ್ಯಾಸದ ಅಧ್ಯಾಪಕರು. ಆಮೇಲೆ ಶಾಲಾ ತಪಾಸಣಾಧಿಕಾರಿಯಾಗಿ ಈ ವಿಷಯ ಬೇರೂರಲು ದುಡಿದರು. ಮಗನಿಗೆ ಕ್ರಿಸ್‌ಮಸ್‌ಗೆ ಅವರು ಕೊಡುತ್ತಿದ್ದ ಉಡುಗೊರೆ ಕಾಲೇಜಿನ ವರ್ಕ್‌ಶಾಪಿನಲ್ಲಿ ತಮ್ಮೊಡನೆ ಒಂದು ದಿನ, ಏನು ಬೇಕಾದರೂ ಮಾಡು ಎಂದು. ಒಂದೇ ಷರತ್ತು: ಮಾಡಬೇಕಾದ್ದನ್ನು ಮೊದಲು ಕೈಯಲ್ಲೇ ಚಿತ್ರ ಬರೆದು ತೋರಿಸಬೇಕು. ಮಗನೇ ಹೇಳಿಕೊಂಡಿರುವ ಸಂಗತಿ ಇದು.

ಕಾಗದದ ಮೇಲಿನ ಕನಸು ತರಗತಿಗೆ ಇಳಿದಾಗ ಎಡವಟ್ಟಾಯಿತು. ನಿನ್ನೆಯವರೆಗೆ ಹೊಲಿಗೆ ಹೇಳಿಕೊಡುತ್ತಿದ್ದ ಟೀಚರು, ಲೇತ್ ಮೇಷ್ಟ್ರು, ಅಡುಗೆ ಟೀಚರು ಎಲ್ಲರೂ ಏಕಾಏಕಿ ಒಂದೇ ವಿಭಾಗದವರಾದರು. 1992ರಲ್ಲಿ ಎಂಜಿನಿಯರಿಂಗ್ ಕೌನ್ಸಿಲ್‌ಗಾಗಿ ಅಲನ್ ಸ್ಮಿದರ್ಸ್ ಮತ್ತು ಪಮೆಲಾ ರಾಬಿನ್ಸನ್ ಬರೆದ ವರದಿ ಈ ಪಠ್ಯವನ್ನು ಜಾಲಾಡಿತು. ಮಕ್ಕಳು ರಟ್ಟು, ಅಂಟು, ಖಾಲಿ ಡಬ್ಬಿಗಳಲ್ಲಿ ಆಟಿಕೆ ಮಾಡುವುದಕ್ಕೇ ತಂತ್ರಜ್ಞಾನ ಎನ್ನಲಾಗುತ್ತಿದೆ ಎಂಬ ಗೊಣಗಾಟಕ್ಕೆ ‘ಬ್ಲೂ ಪೀಟರ್ ಟೆಕ್ನಾಲಜಿ’ ಎಂಬ ಅಡ್ಡಹೆಸರೂ ಬಿತ್ತು. ಬ್ಲೂ ಪೀಟರ್ ಬಿಬಿಸಿಯ ಹಳೆಯ ಮಕ್ಕಳ ಕಾರ್ಯಕ್ರಮ. 1995ರ ಹೊತ್ತಿಗೆ ಪಠ್ಯವನ್ನು ತಿದ್ದಿ ಬಿಗಿಗೊಳಿಸಿದರು.

ಈ ವಿಷಯ ಶಾಲೆಗೆ ಬರುವ ಹೊತ್ತಿನಲ್ಲೇ ನಡೆದ ಒಂದು ಅಧ್ಯಯನ ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯವೆನಿಸುತ್ತದೆ. ಗೋಲ್ಡ್‌ಸ್ಮಿತ್ಸ್ ಕಾಲೇಜಿನ ರಿಚರ್ಡ್ ಕಿಂಬೆಲ್ ಮತ್ತು ಸಂಗಡಿಗರು 1988ರಲ್ಲಿ ಹದಿನೈದು ವರ್ಷದ ಸುಮಾರು ಹತ್ತು ಸಾವಿರ ಮಕ್ಕಳಿಗೆ ವಿನ್ಯಾಸದ ಪರೀಕ್ಷೆ ಕೊಟ್ಟರು, ವರದಿ ಬಂದದ್ದು 1991ರಲ್ಲಿ. ವಿನ್ಯಾಸವೆಂದರೆ ಸಮಸ್ಯೆ, ಸಂಶೋಧನೆ, ಯೋಚನೆ, ತಯಾರಿ, ವಿಮರ್ಶೆ ಎಂದು ಮೆಟ್ಟಿಲು ಹತ್ತಿದಂತೆ ಸಾಗುವ ಕೆಲಸವಲ್ಲ ಎಂದು ಅವರು ಕಂಡುಕೊಂಡರು. ತಲೆಯಲ್ಲಿ ಮಸುಕಾಗಿ ಏನೋ ಹೊಳೆಯುತ್ತದೆ, ಕೈ ಅದನ್ನು ಗೀಚುತ್ತದೆ, ಗೀಚಿದ್ದನ್ನು ನೋಡಿ ತಲೆ ತಿದ್ದಿಕೊಳ್ಳುತ್ತದೆ, ಮತ್ತೆ ಕೈ. ಈ ಹೋಗಿಬರುವಿಕೆಯೇ ವಿನ್ಯಾಸ. ಇನ್ನೊಂದು ಸಂಗತಿ ಪರೀಕ್ಷೆ ಮಾಡುವವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದ್ದು. ಕೆಲಸವನ್ನು ಜನರ ಬದುಕಿನ ಸಂದರ್ಭದಲ್ಲಿಟ್ಟು ಕೇಳಿದಾಗ ಹುಡುಗಿಯರು ಮುಂದಿದ್ದರು, ಯಂತ್ರದ ಸಂದರ್ಭದಲ್ಲಿ ಕೇಳಿದಾಗ ಹುಡುಗರು. ಅಂದರೆ ಪ್ರಶ್ನೆ ಕೇಳುವ ಬಗೆಯನ್ನು ಬದಲಿಸಿ ಯಾರು ‘ಜಾಣ’ರು ಎಂಬುದನ್ನು ಬೇಕಾದಂತೆ ತಿರುಗಿಸಬಹುದು. ಮೆಟ್ಟಿಲಲ್ಲ ಎಂದು ಹತ್ತು ಸಾವಿರ ಮಕ್ಕಳಿಂದ ತಿಳಿದುಕೊಂಡ ಮೇಲೂ ಅಂಕಪಟ್ಟಿಗಳು ಮೆಟ್ಟಿಲುಗಳಾಗಿಯೇ ಬಂದವು. ಮೆಟ್ಟಿಲಿಗೆ ಅಂಕ ಕೊಡುವುದು ಸುಲಭ, ಹೋಗಿಬರುವಿಕೆಗೆ ಕಷ್ಟ. ವಿಷಯದ ಹೊಟ್ಟೆಯೊಳಗಿನ ರೋಗ ಎಂದು ನಾನು ಆಗ ಹೇಳಿದ್ದು ಇದನ್ನೇ.

ಹೊರಗಿನ ಪೆಟ್ಟುಗಳನ್ನು ಬೇಗ ಹೇಳಿ ಮುಗಿಸಬಹುದು. 2004ರಲ್ಲಿ ಹದಿನಾಲ್ಕರ ನಂತರ ಈ ವಿಷಯ ಕಡ್ಡಾಯವಲ್ಲ ಎಂದಾಯಿತು. 2010ರಲ್ಲಿ ‘ಇಂಗ್ಲಿಷ್ ಬಕಲೊರಿಯೇಟ್’ ಎಂಬ ಅಳತೆಗೋಲು ಬಂತು. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಇಲ್ಲವೇ ಭೂಗೋಳ, ಇನ್ನೊಂದು ಭಾಷೆ, ಇವುಗಳಲ್ಲಿ ಎಷ್ಟು ಮಕ್ಕಳು ಗೆದ್ದರು ಎಂದು ಶಾಲೆಗಳನ್ನು ಅಳೆಯತೊಡಗಿದರು. ಡಿ.ಟಿ. ಆ ಪಟ್ಟಿಯ ಹೊರಗೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಒಂದು ಕಡೆ ಅಳತೆಗೆ ಬರುವ ವಿಷಯಗಳು, ಇನ್ನೊಂದು ಕಡೆ ಮರ, ಅಕ್ರಿಲಿಕ್, ಲೇಸರ್ ಕಟರ್, ಅದನ್ನು ನೋಡಿಕೊಳ್ಳುವ ತಂತ್ರಜ್ಞ, ಸುರಕ್ಷತೆಗಾಗಿ ಚಿಕ್ಕ ತರಗತಿ ಎಂದು ದುಡ್ಡು ತಿನ್ನುವ ವಿಷಯ. ಯಾವುದಕ್ಕೆ ಕತ್ತರಿ ಬೀಳುತ್ತದೆಂದು ಊಹಿಸಲು ಹೆಚ್ಚು ಬುದ್ಧಿ ಬೇಡ. 2013ರಲ್ಲಿ ಬಂದ ಕರಡು ಪಠ್ಯದಲ್ಲಿ ಅಡುಗೆ, ತೋಟಗಾರಿಕೆ, ಸೈಕಲ್ ರಿಪೇರಿಯ ಕಡೆಗೆ ವಾಲಿದ್ದನ್ನು ಕಂಡು ವ್ಯಾಕ್ಯೂಮ್ ಕ್ಲೀನರ್ ಖ್ಯಾತಿಯ ಜೇಮ್ಸ್ ಡೈಸನ್ ಸಹಿತ ಹಲವರು ಗಲಾಟೆ ಮಾಡಿ ತಿದ್ದಿಸಬೇಕಾಯಿತು.

ಈ ಶತಮಾನದ ಮೊದಲ ವರ್ಷಗಳಲ್ಲಿ ಜಿಸಿಎಸ್‌ಇಯಲ್ಲಿ ಡಿ.ಟಿ. ಬರೆಯುವವರ ಸಂಖ್ಯೆ ನಾಲ್ಕು ಲಕ್ಷ ದಾಟಿತ್ತು, ಈಗ ಒಂದು ಲಕ್ಷಕ್ಕೂ ಕಡಿಮೆ. ಹೋಲಿಕೆ ಪೂರಾ ನ್ಯಾಯವಾದದ್ದಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಇದರಡಿ ಎಣಿಸುತ್ತಿದ್ದ ಆಹಾರ ವಿಷಯ 2016ರಿಂದ ಬೇರೆಯಾಗಿದೆ. 2017ರಲ್ಲಿ ಮರ–ಲೋಹ, ಬಟ್ಟೆ, ಗ್ರಾಫಿಕ್ಸ್, ಇಲೆಕ್ಟ್ರಾನಿಕ್ಸ್ ಎಂದು ಬಿಡಿಬಿಡಿಯಾಗಿದ್ದವನ್ನೆಲ್ಲ ಒಂದೇ ವಿಷಯವಾಗಿ ಕಟ್ಟಿದರು. ಆದರೂ ಇಳಿತ ಇಳಿತವೇ. 2025ರ ನವೆಂಬರ್‌ನಲ್ಲಿ ಸರ್ಕಾರ ಆ ಬಕಲೊರಿಯೇಟ್ ಅಳತೆಗೋಲನ್ನು ಕೈಬಿಡುವುದಾಗಿ ಹೇಳಿದೆ. ಒಮ್ಮೆ ಮುಚ್ಚಿದ ವರ್ಕ್‌ಶಾಪನ್ನು ಮತ್ತೆ ತೆರೆಯಲು ಮೇಷ್ಟ್ರುಗಳು ಬೇಕು, ಅವರದೇ ಈಗ ಬರ.

ನಮ್ಮ ಕಡೆಯ ಕಥೆ ತಿರುವುಮುರುವು. ಕೈಯ ಮೂಲಕ ತಲೆಯನ್ನು ತಲುಪುವ ಶಿಕ್ಷಣದ ಮಾತು ಇಲ್ಲಿ 1937ರಲ್ಲೇ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರಿಂದ ಬಂದಿತ್ತು. ಅದು ಕೊನೆಗೆ ನಮ್ಮ ತಲೆಮಾರಿನ ಹೈಸ್ಕೂಲಿಗೆ ತಲುಪಿದ್ದು ಕಾರ್ಯಾನುಭವ, ಎಸ್‌ಯುಪಿಡಬ್ಲ್ಯು ಎಂಬ ಹೆಸರಿನ ಪೀರಿಯಡ್ಡಾಗಿ: ಮೇಣದಬತ್ತಿ, ಸೀಮೆಸುಣ್ಣ, ಐಸ್‌ಕ್ರೀಮ್ ಕಡ್ಡಿಯ ಪೆನ್ ಸ್ಟ್ಯಾಂಡು. ಮಾಡಿದ್ದೆಲ್ಲ ಮೇಷ್ಟ್ರು ತೋರಿಸಿದ್ದರ ನಕಲೇ. ಆ ಪೆನ್ ಸ್ಟ್ಯಾಂಡು ಯಾರ ಮೇಜಿಗೆ, ಎಷ್ಟು ಪೆನ್ನಿಗೆ ಎಂದು ಯಾರೂ ಕೇಳಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಗಣಿತದವರು ಕಡ ತೆಗೆದುಕೊಳ್ಳುತ್ತಿದ್ದರು, ಹಿಂದಿರುಗಿಸಿದ್ದು ನಾನು ಕಾಣೆ. 2016ರಲ್ಲಿ ನೀತಿ ಆಯೋಗ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ದೊಡ್ಡ ಹೆಜ್ಜೆಯೇ. ಆರರಿಂದ ಹನ್ನೆರಡನೇ ತರಗತಿಯವರಿಗೆ, ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ತ್ರೀಡಿ ಪ್ರಿಂಟರು, ಆರ್ಡುಯಿನೊ ಬೋರ್ಡು, ಸೆನ್ಸರುಗಳು. ಕರ್ನಾಟಕದ ಸರ್ಕಾರಿ ಹೈಸ್ಕೂಲುಗಳಲ್ಲೂ ಇವೆ, ಉತ್ಸಾಹಿ ಮೇಷ್ಟ್ರಿರುವ ಕಡೆ ಮಕ್ಕಳು ಬೆರಗಾಗುವಂಥ ಕೆಲಸ ಮಾಡುತ್ತಾರೆ. ಆದರೆ ಲ್ಯಾಬಿನ ಉಸ್ತುವಾರಿ ಸಾಮಾನ್ಯವಾಗಿ ವಿಜ್ಞಾನದ ಮೇಷ್ಟ್ರದೇ. ಎಸ್ಸೆಸ್ಸೆಲ್ಸಿ ಪೋರ್ಷನ್ ಮುಗಿಸುವುದು ಅವರ ಮೊದಲ ಧರ್ಮ. ಲ್ಯಾಬಿನ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಅಲ್ಲಿ ಅಂಕ ಇಟ್ಟದ್ದರಿಂದ ಕಾಗದ ಕೈಯನ್ನು ನುಂಗಿತು, ಇಲ್ಲಿ ಅಂಕ ಇಲ್ಲದ್ದರಿಂದ ಬೀರುವಿಗೆ ಬೀಗ. ಇವೆರಡರ ನಡುವೆ ದಾರಿ ಇದೆಯೇ ಎಂದರೆ, ಮೇಷ್ಟ್ರ ತೀರ್ಮಾನವನ್ನು ನಂಬುವ ವ್ಯವಸ್ಥೆ ಇದ್ದಲ್ಲಿ ಇದೆ. ಅಂಥ ನಂಬಿಕೆ ಎರಡೂ ದೇಶಗಳಲ್ಲಿ ತುಟ್ಟಿಯ ಪದಾರ್ಥ.

ಕೊನೆಗೆ, ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಮಕ್ಕಳು ಶಾಲೆಯ ‘ಇಯರ್ 9’ರಲ್ಲಿದ್ದಾಗ, ವಿಷಯ ಆರಿಸುವ ಹೊತ್ತಿಗೆ ಕೇಳುವ ಪ್ರಶ್ನೆ: ‘ಇದನ್ನು ತಗೊಂಡ್ರೆ ಎಂಜಿನಿಯರಿಂಗಿಗೆ ಉಪಯೋಗ ಆಗುತ್ತಾ? ಇದರ ಬದಲು ಕಂಪ್ಯೂಟರ್ ಸೈನ್ಸ್ ತಗೊಳ್ಳಲಿ ಅಲ್ವಾ?’ ನೇರವಾಗಿ ಹೇಳುವುದಾದರೆ, ಅಲ್ಲಿನ ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗಗಳು ಎ ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಹಂತದಲ್ಲಿ, ಕೇಳುವುದು ಗಣಿತ, ಹೆಚ್ಚಿನ ಕಡೆ ಭೌತಶಾಸ್ತ್ರ. ಜಿಸಿಎಸ್‌ಇಯಲ್ಲಿ ಡಿ.ಟಿ. ತೆಗೆದುಕೊಂಡದ್ದರಿಂದ ಆ ಬಾಗಿಲು ಮುಚ್ಚುವುದಿಲ್ಲ, ತೆಗೆದುಕೊಂಡ ಮಾತ್ರಕ್ಕೆ ತೆರೆಯುವುದೂ ಇಲ್ಲ. ವಾಸ್ತುಶಿಲ್ಪ, ಉತ್ಪನ್ನ ವಿನ್ಯಾಸದ ಕಡೆ ಹೋಗುವವರಿಗೆ ಕಡತವೊಂದು ಕೈಯಲ್ಲಿದ್ದರೆ ಒಳ್ಳೆಯದೇ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಆ ಶಾಲೆ ಈ ವಿಷಯವನ್ನು ಹೇಗೆ ಕಲಿಸುತ್ತಿದೆ ಎಂಬುದನ್ನು. ಪೋಷಕರನ್ನು ಕರೆಯುವ ಸಂಜೆ ವರ್ಕ್‌ಶಾಪಿನಲ್ಲಿ ಪಾಲಿಶ್ ಹಾಕಿದ ದೀಪಗಳು, ಗಡಿಯಾರಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಅವನ್ನು ಹೊಗಳಿ ಮುಗಿಸಿದ ಮೇಲೆ, ಇವುಗಳಿಗೆ ಮೊದಲು ಮಾಡಿ ಕೆಟ್ಟುಹೋದ ರಟ್ಟಿನ ಮಾದರಿಗಳು ಎಲ್ಲಿ ಎಂದು ಕೇಳಿ. ಮೇಷ್ಟ್ರು ಖುಷಿಯಿಂದ ಮೂಲೆಯ ಪೆಟ್ಟಿಗೆ ಎಳೆದು ತೋರಿಸಿದರೆ ಮಗಳು ಧಾರಾಳವಾಗಿ ಸೇರಲಿ. ಅಂಥದ್ದೇನೂ ಇಟ್ಟುಕೊಂಡಿಲ್ಲ ಎಂದರೆ ಆ ಶಾಲೆಯಲ್ಲಿ ಅವಳು ಭೂಗೋಳವನ್ನೇ ತೆಗೆದುಕೊಳ್ಳುವುದು ವಾಸಿ.